ಗ್ರಹಣದ ದಿನದ ತಿಂಡಿ

ಕೋಲಾರ
29 ಡಿಸೆಂಬರ್ 2019

ಪ್ರೀತಿಯ ಮುನಿಲಕ್ಷ್ಮಿ,

ಪೇಪರ್ ನೋಡಿದೆಯಾ? ರಾಯಲ್ಪಾಡಿಗೆ ಆ ಪತ್ರಿಕೆ ಬರುತ್ತೋ ಇಲ್ಲವೋ ಗೊತ್ತಿಲ್ಲ, ಅದಕ್ಕೇ ಕತ್ತರಿಸಿ ಇದರ ಜೊತೆ ಇಟ್ಟಿದ್ದೀನಿ. ಮೂರನೇ ಪುಟದಲ್ಲಿ ನೀನೇ! ಕೈಯಲ್ಲಿ ಚಿತ್ರಾನ್ನದ ತಟ್ಟೆ. ಮೈದಾನದ ಬಿಸಿಲು ಮಂಕಾಗಿರೋದು ಫೋಟೋದಲ್ಲೂ ಗೊತ್ತಾಗುತ್ತೆ. 'ಗ್ರಹಣದ ವೇಳೆ ಉಪಾಹಾರ ಸೇವಿಸಿದ ಗರ್ಭಿಣಿ' ಅಂತ ಹಾಕಿದ್ದಾರೆ. ಹೆಸರು ಯಾಕೆ ಹಾಕಲಿಲ್ಲ ಅಂತ ಅವರಿಗೆ ಫೋನ್ ಮಾಡಿ ಜಗಳ ಆಡಿದೆ.

ನಮ್ಮ ಚುಕ್ಕಿ ಬಳಗ ಶುರುವಾದಾಗಿನಿಂದ ಮಾಲೂರು, ಮುಳಬಾಗಿಲು, ಟೇಕಲ್ ಅಂತ ಟೆಲಿಸ್ಕೋಪ್ ಹೊತ್ತುಕೊಂಡು ತಿರುಗಿದ್ದೀವಿ. ಮಕ್ಕಳು ಬರ್ತಾರೆ, ಚಂದ್ರನ ಗುಂಡಿ ನೋಡಿ ಕಿರುಚ್ತಾರೆ, ಹೋಗ್ತಾರೆ. ಹೆಂಗಸರು ಮಾತ್ರ ಬಾಗಿಲು ದಾಟಿ ಬರಲ್ಲ. ಮೊನ್ನೆ ನಿಮ್ಮೂರ ಮೈದಾನದಲ್ಲಿ ನಾನು ಮೈಕಿನಲ್ಲಿ "ಯಾರಾದರೂ ಒಬ್ಬರು ಗರ್ಭಿಣಿ ಮುಂದೆ ಬನ್ನಿ, ಏನೂ ಆಗಲ್ಲ, ನಾನು ಜವಾಬ್ದಾರಿ" ಅಂದಾಗ ಯಾರೂ ಅಲ್ಲಾಡಲಿಲ್ಲ. ಆಮೇಲೆ ನೀನು ಎದ್ದು ಬಂದೆ. ನಿಮ್ಮೂರಲ್ಲಿ ಪಾಠ ಮಾಡಿದ ಅಷ್ಟೂ ವರ್ಷ ಸಾರ್ಥಕ ಅನ್ನಿಸಿತು ಕಣೇ. ಬಳಗದ ಮೂರ್ತಿ ವಾಪಸ್ ಬರುವಾಗ ದಾರಿ ಉದ್ದಕ್ಕೂ ನಿನ್ನದೇ ಮಾತು.

ನಮ್ಮ ಶ್ರುತಿ ಗಂಡನ ಮನೆಯಿಂದ ಬಂದು ಇಲ್ಲೇ ಇದ್ದಾಳೆ. ನಿನ್ನ ಹಾಗೇ ಅವಳಿಗೂ ಐದನೇ ತಿಂಗಳು. ಅವಳನ್ನೂ ಕರೆದುಕೊಂಡು ಬರಬೇಕು ಅಂತಿದ್ದೆ, ಬೆಳಿಗ್ಗೆ ವಾಂತಿ ಜಾಸ್ತಿಯಾಗಿ ಏಳಲೇ ಇಲ್ಲ.

ಚೆನ್ನಾಗಿ ಊಟ ಮಾಡು. ಕಬ್ಬಿಣದ ಮಾತ್ರೆ ತಪ್ಪಿಸಬೇಡ.

ನಿನ್ನ,
ರಮಾದೇವಿ


ರಾಯಲ್ಪಾಡು
12 ಜನವರಿ 2020

ಪೂಜ್ಯ ಮೇಡಂಗೆ ಮುನಿಲಕ್ಷ್ಮಿ ಮಾಡುವ ನಮಸ್ಕಾರಗಳು.

ಕಾಗದ ಬಂತು. ಮನೆಯಲ್ಲಿರೋದು ಒಂದೇ ಫೋನು, ಅದು ಇವರ ಜೇಬಲ್ಲಿರುತ್ತೆ. ಸಿಕ್ಕಿದಾಗಲೂ ಅತ್ತೆ ಪಕ್ಕದಲ್ಲೇ ಕೂತಿರ್ತಾರೆ. ಅದಕ್ಕೇ ನಾನೂ ಕಾಗದಾನೇ ಬರೀತೀನಿ. ಇದರಲ್ಲಾದರೆ ಯಾರೂ ಮಧ್ಯೆ ಬಾಯಿ ಹಾಕಲ್ಲ.

ನಮ್ಮ ಯಜಮಾನರು ಉಮೇಶ ಫೋಟೋನ ಬೀರು ಬಾಗಿಲಿಗೆ ಅಂಟಿಸಿದ್ದಾರೆ. ಮಾವಿನ ಮಂಡಿಯ ಸ್ನೇಹಿತರನ್ನೆಲ್ಲ ಕರೆದು ತೋರಿಸ್ತಾರೆ. ಅತ್ತೆ ಮಾತ್ರ ಎರಡು ದಿನ ನಾನು ಕೊಟ್ಟ ಕಾಫಿ ಮುಟ್ಟಲಿಲ್ಲ. ಮೂರನೇ ದಿನ ಅವರಾಗೇ ಬಂದು, "ಏಮ್ಮಾ, ಒಳಗೆ ಒದೀತಾ ಐತಾ?" ಅಂತ ಕೇಳಿದರು. ಒದೀತಿದೆ ಅಂದೆ. "ಸರಿ ಬಿಡು" ಅಂದರು. ಅಲ್ಲಿಗೆ ಜಗಳ ಮುಗೀತು ಅಂದ್ಕೊಂಡಿದ್ದೀನಿ.

ಬೀದಿಯಲ್ಲಿ ಹೋಗುವಾಗ ಹುಡುಗಿಯರು "ಗ್ರಹಣದ ಅಕ್ಕ" ಅಂತಾರೆ. ನನಗೆ ಒಳಗೊಳಗೇ ಖುಷಿ.

ಶ್ರುತಿ ಅಕ್ಕನಿಗೆ ವಾಂತಿ ನಿಂತಿತಾ? ನಮ್ಮ ತೋಟದಲ್ಲಿ ಹುಳಿ ಹುಣಸೆ ಇದೆ, ಯಾರಾದರೂ ಕೋಲಾರದ ಕಡೆ ಬಂದರೆ ಕಳಿಸ್ತೀನಿ.

ಇತಿ ನಿಮ್ಮ ವಿದ್ಯಾರ್ಥಿನಿ,
ಮುನಿಲಕ್ಷ್ಮಿ


ರಾಯಲ್ಪಾಡು
28 ಮೇ 2020

ಮೇಡಂ,

ಅಂಚೆ ಮತ್ತೆ ಬರ್ತಿದೆ ಅಂದರು. ಅದಕ್ಕೆ ಬರೀತಿದ್ದೀನಿ.

ಈ ತಿಂಗಳ ಮೊದಲಲ್ಲಿ ಶ್ರೀನಿವಾಸಪುರದ ಆಸ್ಪತ್ರೆಯಲ್ಲಿ ಹೆಣ್ಣು ಮಗು ಆಯ್ತು. ಮೇಲಿನ ತುಟಿ ಎಡಗಡೆ ಸೀಳಿದೆ, ಮೂಗಿನವರೆಗೂ. ನರ್ಸಮ್ಮ ಮೊದಲು ತೋರಿಸಲೇ ಇಲ್ಲ. ಬಟ್ಟೆ ಸುತ್ತಿ ಬೆನ್ನು ಮೇಲೆ ಮಾಡಿ ಹಿಡಿದುಕೊಂಡಿದ್ದರು. ನಾನೇ ಕೈ ಚಾಚಿ ತಿರುಗಿಸಿಕೊಂಡೆ.

ಮೊಲೆ ಹಿಡಿಯೋಕೆ ಆಗಲ್ಲ. ಹಿಂಡಿ ಒಳಲೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ಕುಡಿಸ್ತೀನಿ. ಅರ್ಧ ಸೀಳಿನಿಂದ ಆಚೆ ಸುರಿಯುತ್ತೆ. ಸ್ವಲ್ಪ ತೂಕ ಬಂದ ಮೇಲೆ ಆಪರೇಷನ್ ಮಾಡಬಹುದು, ಈಗ ಕೊರೊನಾ ಅಂತ ಎಲ್ಲಾ ನಿಲ್ಲಿಸಿದ್ದಾರೆ ಅಂದರು ಡಾಕ್ಟರು.

ಅತ್ತೆ ಬೈದಿದ್ದರೆ ನನಗೆ ಸಮಾಧಾನ ಇರ್ತಿತ್ತು. ಬೈಯಲ್ಲ ಮೇಡಂ. ಯಾರಾದರೂ ನೋಡೋಕೆ ಬಂದರೆ ಸೆರಗು ತಂದು ಮಗು ಮುಖದ ಮೇಲೆ ಹಾಕ್ತಾರೆ. "ಮಲಗೈತೆ" ಅಂತಾರೆ. ಬಂದವರು ನನ್ನ ಮುಖ ನೋಡಿ, ಬೀರು ಬಾಗಿಲ ಕಡೆ ನೋಡಿ, ಹೋಗ್ತಾರೆ. ಹೋದ ವಾರ ಉಮೇಶ ಆ ಫೋಟೋ ಕಿತ್ತುಹಾಕಿದರು. ನಾನು ನೋಡ್ತಿದ್ದೀನಿ ಅಂತ ಗೊತ್ತಾಗಿ, "ಅಂಟು ಬಿಟ್ಟೋಗಿತ್ತು" ಅಂದರು.

ನನಗೆ ನೀವು ಹೇಳಿದ್ದು ನೆನಪಿದೆ. ಗ್ರಹಣ ಅಂದರೆ ಬರೀ ನೆರಳು. ನಾನು ಅದನ್ನೇ ಹೇಳ್ತೀನಿ. ಆದರೆ ನಾನು ಹೇಳಿದರೆ, ಮಾಡಿಕೊಂಡವಳು ಇನ್ನೇನು ಹೇಳ್ತಾಳೆ ಅಂತಾರೆ. ನೀವು ಒಂದೇ ಒಂದು ಸಲ ಬಂದು ನಮ್ಮ ಅತ್ತೆ ಎದುರಿಗೆ ಕೂತು ಹೇಳಿ ಮೇಡಂ. ಬಸ್ಸು ಓಡಾಡ್ತಿದೆ ಅಂತೆ.

ಶ್ರುತಿ ಅಕ್ಕನಿಗೆ ಏನು ಮಗು?

ಮುನಿಲಕ್ಷ್ಮಿ


ಕೋಲಾರ
7 ಜೂನ್ 2020

ಪ್ರೀತಿಯ ಮುನಿಲಕ್ಷ್ಮಿ,

ನಿನ್ನ ಕಾಗದ ಓದಿ ತುಂಬಾ ಸಂಕಟವಾಯ್ತು. ಮೊದಲು ಒಂದು ವಿಷಯ ಸ್ಪಷ್ಟವಾಗಿ ತಿಳಿದುಕೋ, ಇದನ್ನು ನಿಮ್ಮ ಅತ್ತೆಗೂ ಓದಿ ಹೇಳು.

ಹೊಟ್ಟೆಯಲ್ಲಿ ಮಗುವಿನ ಮುಖದ ಭಾಗಗಳು ಬೇರೆ ಬೇರೆಯಾಗಿ ಬೆಳೆದು ಎರಡನೇ ತಿಂಗಳು ಮುಗಿಯುವಷ್ಟರಲ್ಲಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಕೆಲವು ಮಕ್ಕಳಲ್ಲಿ ಅದು ಪೂರ್ತಿ ಕೂಡುವುದಿಲ್ಲ. ಯಾಕೆ ಅಂತ ಡಾಕ್ಟರುಗಳಿಗೂ ಎಲ್ಲ ಸಲ ಗೊತ್ತಾಗುವುದಿಲ್ಲ. ವಂಶದಿಂದ ಬರಬಹುದು, ಪೋಷಕಾಂಶದ ಕೊರತೆಯೂ ಇರಬಹುದು. ಗ್ರಹಣದ ದಿನ ನಿನಗೆ ಐದನೇ ತಿಂಗಳು. ಅಷ್ಟರಲ್ಲಿ ನಿನ್ನ ಮಗುವಿನ ತುಟಿ ಹೇಗಿರಬೇಕೋ ಹಾಗೆ ಆಗಿ ಮುಗಿದಿತ್ತು. ನೀನು ಅವತ್ತು ಚಿತ್ರಾನ್ನ ತಿಂದಿದ್ದರೂ ತಿನ್ನದಿದ್ದರೂ ಮಗು ಹೀಗೇ ಹುಟ್ಟುತ್ತಿತ್ತು.

ಆಪರೇಷನ್ ಸುಲಭ. ಬೆಂಗಳೂರಿನಲ್ಲಿ ಬಡವರಿಗೆ ಉಚಿತವಾಗಿ ಮಾಡುವ ಆಸ್ಪತ್ರೆ ಇದೆ, ವಿಚಾರಿಸಿ ತಿಳಿಸುತ್ತೇನೆ. ಮಗುವನ್ನು ಎತ್ತಿ ಕೂರಿಸಿದ ಹಾಗೆ ಹಿಡಿದು ಹಾಲು ಕುಡಿಸು, ಆಚೆ ಸುರಿಯುವುದು ಕಡಿಮೆಯಾಗುತ್ತದೆ.

ಬರಬೇಕೆಂದು ತುಂಬಾ ಇದೆ. ಆದರೆ ಈಗ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಕೆಲಸ ನನ್ನ ಮೇಲೆ ಬಿದ್ದಿದೆ. ಅದು ಮುಗಿದ ಮೇಲೆ ನೋಡೋಣ. ಧೈರ್ಯವಾಗಿರು.

ರಮಾದೇವಿ


ರಾಯಲ್ಪಾಡು
14 ಜೂನ್ 2020

ಮೇಡಂ,

ಓದಿ ಹೇಳಿದೆ. ಎರಡು ಸಲ ಓದಿಸಿಕೊಂಡರು. ಆಮೇಲೆ ಅತ್ತೆ, "ಕಾಗ್ದ ಯಾರ್ ಬೇಕಾದ್ರೂ ಬರೀತಾರೆ. ಅವತ್ತು ಜವಾಬ್ದಾರಿ ಅಂದೋಳು ಇವತ್ತು ಎಲ್ಲವ್ಳೆ?" ಅಂದರು.

ನೀವು ಕಾಗದ ಬರೆದ ರೀತಿ ಬೇರೆ ಆಗಿದೆ. ಪಾಠದ ಪುಸ್ತಕದ ಹಾಗಿದೆ. ನನ್ನ ಮಗು ಹೀಗೆ ಹುಟ್ಟಿದ್ದರಿಂದ ಬಳಗಕ್ಕೆ ಕೆಟ್ಟ ಹೆಸರು ಬಂತು ಅಂತ ನಿಮಗೆ ನನ್ನ ಮೇಲೆ ಬೇಜಾರಾ? ಹಾಗಿದ್ದರೆ ನೇರವಾಗಿ ಬರೆಯಿರಿ.

ಮುಂದಿನ ಭಾನುವಾರ ಮತ್ತೆ ಸೂರ್ಯಗ್ರಹಣ ಅಂತೆ. ನನ್ನನ್ನೂ ಮಗುವನ್ನೂ ಒಳಮನೆಯಲ್ಲಿ ಕೂರಿಸ್ತಾರೆ. ಆಗಲ್ಲ ಅನ್ನೋ ಬಾಯಿ ನನಗೆ ಈಗಿಲ್ಲ. ಭಾನುವಾರ ನಿಮಗೆ ಪರೀಕ್ಷೆ ಇರಲ್ಲವಲ್ಲ. ಬನ್ನಿ. ನೀವು ಅಂಗಳದಲ್ಲಿ ನಿಂತರೆ ಸಾಕು, ನಾನು ಮಗು ಎತ್ತಿಕೊಂಡು ಆಚೆ ಬರ್ತೀನಿ.

ಶ್ರುತಿ ಅಕ್ಕನ ವಿಷಯ ನೀವು ಬರೆಯಲಿಲ್ಲ. ಏನಾದರೂ ತೊಂದರೆ ಆಯ್ತಾ? ನನ್ನ ಸಂಕಟದಲ್ಲಿ ನಾನು ಕೇಳೋದೇ ತಪ್ಪಾಯ್ತೇನೋ.

ಮುನಿಲಕ್ಷ್ಮಿ


ರಾಯಲ್ಪಾಡು
24 ಜೂನ್ 2020

ಮೇಡಂ,

ನೀವು ಬರಲಿಲ್ಲ. ಶಾಲೆಗೆ ಗ್ರಹಣದ ಕನ್ನಡಕ ಕೊಡೋಕೆ ಮೂರ್ತಿ ಸರ್ ಬಂದಿದ್ದರು. ನಮ್ಮ ಮನೆಗೂ ಬಂದರು. ಒಳಮನೆ ಕಿಟಕಿಗೆ ಅತ್ತೆ ಕಂಬಳಿ ಕಟ್ಟಿದ್ದನ್ನು ನೋಡಿ ನಗ್ತಾ ನನ್ನ ಹತ್ತಿರ ಮೆಲ್ಲಗೆ ಹೇಳಿದರು, "ಇರ್ಲಿ ಬಿಡಮ್ಮ, ಹೋದ ಸಲ ನಾನು ಮೇಡಂನ ಕರ್ಕೊಂಡು ಬರೋಕೆ ಅವರ ಮನೆಗೆ ಹೋದಾಗ ಅಲ್ಲೂ ಹಿಂಗೇ ಕಂಬಳಿ ಇತ್ತು. ಮಗಳು ಬಸುರಿ ಅಲ್ವಾ" ಅಂತ. ಅವರಿಗೆ ಅದು ತಮಾಷೆ.

ಒಂದೇ ಮಾತು ಕೇಳ್ತೀನಿ. ಅವತ್ತು ಬೆಳಿಗ್ಗೆ ಶ್ರುತಿ ಅಕ್ಕ ತಿಂಡಿ ತಿಂದರಾ?

ಮುನಿಲಕ್ಷ್ಮಿ


ಕೋಲಾರ
20 ಆಗಸ್ಟ್ 2020

ಮುನಿಲಕ್ಷ್ಮಿ,

ಇಲ್ಲ. ತಿನ್ನಲಿಲ್ಲ.

ಈ ಒಂದು ಸಾಲು ಬರೆಯೋಕೆ ನನಗೆ ಇಷ್ಟು ದಿನ ಬೇಕಾಯ್ತು. ಬರೆದು ಹರಿದ ಕಾಗದಗಳಲ್ಲೆಲ್ಲ ಮೊದಲು ಕಾರಣ ಇರುತ್ತಿತ್ತು, ಆಮೇಲೆ ಉತ್ತರ. ಈ ಸಲ ಉತ್ತರ ಮೊದಲು.

ಅವಳಿಗೆ ವಾಂತಿ ಆಗಿರಲಿಲ್ಲ. ಅದು ಸುಳ್ಳು. ಹಿಂದಿನ ವರ್ಷ ಅವಳಿಗೆ ಒಂದು ಬಸುರು ನಿಲ್ಲದೆ ಹೋಗಿತ್ತು. ಅವಳ ಅತ್ತೆ ಫೋನ್ ಮಾಡಿ ಜೋಪಾನ ಅಂದರು. ಅವರ ಬಲವಂತ ಅಂತ ಬರೆಯಬಹುದು, ಆದರೆ ಅವರು ಹೇಳಿದ್ದು ಅಷ್ಟೇ, ಜೋಪಾನ ಅಂತ. ಕಿಟಕಿಗೆ ಕಂಬಳಿ ಕಟ್ಟಿದ್ದು ನಾನು. ಗ್ರಹಣ ಬಿಡುವವರೆಗೆ ನೀರೂ ಕುಡಿಯಬೇಡ ಅಂದಿದ್ದು ನಾನು. ಹೊರಗಿನಿಂದ ಚಿಲಕ ಹಾಕಿ, ಆಮೇಲೆ ಕಾರು ಹತ್ತಿ ನಿಮ್ಮೂರಿಗೆ ಬಂದು ಮೈಕ್ ಹಿಡಿದೆ. ಅದರಿಂದ ಏನೂ ಆಗಲ್ಲ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ನನ್ನ ಕೈ ಕಂಬಳಿ ಕಟ್ಟಿತು. ಇದನ್ನು ಹೇಗೆ ವಿವರಿಸಲಿ?

ಶ್ರುತಿಗೆ ಏಪ್ರಿಲ್‌ನಲ್ಲಿ ಹೆಣ್ಣು ಮಗುವಾಯ್ತು. ಚೆನ್ನಾಗಿದೆ. ಅದನ್ನು ನಿನಗೆ ಬರೆಯೋಕೆ ನಾಚಿಕೆ ಆಯ್ತು. ನಿನ್ನ ಮೇಲೆ ನನಗೆ ಬೇಜಾರಾ ಅಂತ ನೀನು ಕೇಳಿದ್ದೆಯಲ್ಲ, ಅದನ್ನು ಓದಿದ ದಿನ ಊಟ ಸೇರಲಿಲ್ಲ.

ನಿನ್ನ ಕೊನೆಯ ಕಾಗದವನ್ನು ಶ್ರುತಿಗೆ ತೋರಿಸಿದೆ. ಮಗುವಿಗೆ ಹಾಲು ಕೊಡ್ತಾ ಇದ್ದಳು. ಓದಿ, "ಅಮ್ಮ, ನೀನು ಬೇರೆಯವರ ಮಗಳನ್ನ ಇಟ್ಟುಕೊಂಡು ಪ್ರಯೋಗ ಮಾಡಿದೆ" ಅಂದಳು. ಆಮೇಲೆ ಆ ವಿಷಯ ಎತ್ತಿಲ್ಲ.

ನಾನು ರಾಯಲ್ಪಾಡಿಗೆ ಬರ್ತೀನಿ. ಅದೇ ಮೈದಾನದಲ್ಲಿ ಎಲ್ಲರ ಮುಂದೆ ನಡೆದಿದ್ದನ್ನು ಹೇಳಿ ಕ್ಷಮೆ ಕೇಳ್ತೀನಿ. ಪತ್ರಿಕೆಗೂ ಬರೀತೀನಿ. ನೀನು ಹೂಂ ಅಂದರೆ ಸಾಕು.

ರಮಾದೇವಿ


ರಾಯಲ್ಪಾಡು
2 ಸೆಪ್ಟೆಂಬರ್ 2020

ಮೇಡಂ,

ಹೂಂ ಅನ್ನಲ್ಲ.

ನೀವು ಮೈದಾನದಲ್ಲಿ ನಿಂತು ಹೇಳಿದರೆ ನಿಮ್ಮ ಎದೆ ಹಗುರ ಆಗುತ್ತೆ. ನೀವು ಕಾರು ಹತ್ತಿ ಹೋಗ್ತೀರಿ. ಇಲ್ಲಿ ಏನಾಗುತ್ತೆ ಗೊತ್ತಾ? ಓದಿದ ಮೇಡಮ್ಮೇ ಮಗಳನ್ನ ಕೂಡಿಹಾಕಿದ್ದಳು, ಮಗು ಚೆನ್ನಾಗಿ ಹುಟ್ಟಿತು, ಈ ದಡ್ಡಿ ಆಚೆ ಹೋಗಿ ತಿಂದಳು, ಮಗು ಹಿಂಗಾಯ್ತು ಅಂತಾರೆ. ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದ ಅತ್ತೆಯೂ ಅಂತಾರೆ. ಆಮೇಲೆ ನೀವು ಎಷ್ಟು ತಿಂಗಳ ಲೆಕ್ಕ ಬರೆದರೂ ಯಾರೂ ಓದಿಸಿಕೊಳ್ಳಲ್ಲ. ನಿಮ್ಮ ನಾಚಿಕೆ ಇಳಿಸೋಕೆ ನನ್ನ ತಲೆ ಮೇಲೆ ಜಾಗ ಇಲ್ಲ. ಅದನ್ನ ನೀವೇ ಹೊತ್ತುಕೊಂಡಿರಿ.

ಬೀದಿಯಲ್ಲಿ ಮಗು ಎತ್ತಿಕೊಂಡು ಹೋಗುವಾಗ ನಾನೂ ಸೆರಗು ಮುಚ್ಚೋಕೆ ಶುರು ಮಾಡಿದ್ದೀನಿ. ಅತ್ತೆ ಮಾಡಿದರೆ ಸಿಟ್ಟು ಬರ್ತಿತ್ತು. ನನ್ನ ಕೈಯೇ ಈಗ ಹಂಗೆ ಹೋಗುತ್ತೆ. ನಿಮ್ಮ ಕೈ ಕಂಬಳಿ ಕಟ್ಟಿದ್ದು ಹೆಂಗೆ ಅಂತ ಕೇಳಿದಿರಲ್ಲ, ಹಿಂಗೇ ಇರಬೇಕು.

ಬರೋದಿದ್ದರೆ ಅತ್ತೆ ಹತ್ತಿರ ಬನ್ನಿ. ತುಟಿ ಯಾವಾಗ ಆಗುತ್ತೆ ಅನ್ನೋದನ್ನ ಹೇಳಿ. ಆಪರೇಷನ್‌ಗೆ ಕಳಿಸೋಕೆ ಒಪ್ಪಿಸಿ. ದೇವರು ಕೊಟ್ಟಿದ್ದನ್ನ ಕುಯ್ಯಬಾರದು ಅಂತ ಕೂತಿದ್ದಾರೆ. ಶ್ರುತಿ ಅಕ್ಕನ ವಿಷಯ ಮಾತ್ರ ಬಾಯಿ ಬಿಡಬೇಡಿ.

ಮುನಿಲಕ್ಷ್ಮಿ


ಕೋಲಾರ
19 ಅಕ್ಟೋಬರ್ 2020

ಮುನಿಲಕ್ಷ್ಮಿ,

ನಿನ್ನೆ ನಿಮ್ಮ ಮನೆಯಿಂದ ನಾನು ಹಾಗೆ ಎದ್ದು ಹೊರಟಿದ್ದು ಯಾಕೆ ಅಂತ ನಿನಗೆ ಗೊತ್ತಿಲ್ಲ. ನೀನು ಮಗುವಿಗೆ ಕುಡಿಸೋಕೆ ಒಳಗೆ ಹೋಗಿದ್ದೆ. ಅಷ್ಟರಲ್ಲಿ ನಡೆದಿದ್ದನ್ನು ನಿಮ್ಮ ಅತ್ತೆ ಹೇಳುವ ಮುಂಚೆ ನಾನೇ ಹೇಳಬೇಕು.

ಅಲ್ಲಿಯವರೆಗೆ ಅವರು ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡಿದ್ದರು. ನೀನೂ ಇದ್ದೆಯಲ್ಲ. ನೀನು ಒಳಗೆ ಹೋದ ಮೇಲೆ ಎಲೆ ಅಡಿಕೆ ಮಡಿಸ್ತಾ ಕೇಳಿದರು:

"ನಿಂಗೆ ಹೆಣ್ಮಕ್ಳು ಅವ್ರಾ?"

"ಒಬ್ಬಳಿದ್ದಾಳೆ."

"ಮಕ್ಳಾಗವ್ರಾ ಅವ್ಳಿಗೆ?"

"ಏಪ್ರಿಲ್‌ನಲ್ಲಿ ಆಯ್ತು."

ಅವರು ಬೆರಳು ಮಡಿಸಿ ಲೆಕ್ಕ ಹಾಕಿದರು. ನಾನು ನೆಲ ನೋಡ್ತಾ ಕೂತೆ.

"ಹಂಗಾದ್ರೆ ಆ ಗ್ರಹಣದಾಗೆ ಅವ್ಳೂ ಬಸ್ರಿ. ಅವ್ಳನ್ನ ಆಚೆ ಬಿಟ್ಟಿದ್ದಾ?"

ನಿನ್ನ ಮಾತು ನೆನಪಿತ್ತು. ಬಿಟ್ಟಿದ್ದೆ ಅನ್ನಬೇಕಿತ್ತು, ಒಂದೇ ಮಾತು. ಅವರು ನನ್ನನ್ನೇ ನೋಡ್ತಿದ್ದರು. ನಿನಗೆ ಒಂದು ಸಲ ಸುಳ್ಳು ಬರೆದಿದ್ದೆ, ಅದರ ಫಲವನ್ನು ನೀನು ಅಲ್ಲೇ ಒಳಗೆ ಮಗುವನ್ನು ಮಡಿಲಲ್ಲಿಟ್ಟುಕೊಂಡು ಒಬ್ಬಳೇ ಅನುಭವಿಸ್ತಿದ್ದೆ. ಇನ್ನೊಂದು ಹೇಳೋಕೆ ನಾಲಿಗೆ ಏಳಲಿಲ್ಲ.

"ಇಲ್ಲಮ್ಮ. ಬಿಡಲಿಲ್ಲ. ಭಯ ಆಯ್ತು" ಅಂದೆ.

ಅವರು ಮಡಿಸಿದ ಎಲೆಯನ್ನು ತಟ್ಟೆಗೆ ವಾಪಸ್ ಹಾಕಿದರು. ಆಮೇಲೆ ಎದ್ದು ಕುಂಕುಮದ ಬಟ್ಟಲು ತಂದು ನನ್ನ ಮುಂದೆ ಇಟ್ಟರು. "ಇಟ್ಕೊಂಡು ಹೊರಡು ತಾಯಿ. ನನ್ನ ಸೊಸೆ ನಿನ್ನ ನಂಬಿದ್ಳು" ಅಂದರು. ಬೈಗುಳ ಅಲ್ಲ. ಬೈದಿದ್ದರೆ ಸಮಾಧಾನ ಇರ್ತಿತ್ತು ಅಂತ ನೀನು ಮೇ ತಿಂಗಳಲ್ಲಿ ಬರೆದಿದ್ದು ನನಗೆ ಆಗ ಅರ್ಥವಾಯ್ತು.

ನೀನು ಬೇಡ ಅಂದಿದ್ದನ್ನೇ ಮಾಡಿದೆ. ಆಸ್ಪತ್ರೆಯವರು ನವೆಂಬರ್ ಮೊದಲ ವಾರ ಬರಲು ಹೇಳಿದ್ದಾರೆ, ಫೋನ್ ನಂಬರ್ ಹಿಂದುಗಡೆ ಬರೆದಿದ್ದೀನಿ. ನನ್ನಿಂದಾಗಿ ಅದು ತಪ್ಪಿಹೋಗದ ಹಾಗೆ ನೋಡಿಕೋ.

ರಮಾದೇವಿ


ರಾಯಲ್ಪಾಡು
22 ನವೆಂಬರ್ 2020

ಮೇಡಂ,

ನೀವು ಹೋದ ಮೇಲೆ ನಾನು ಹೆದರಿದ ಹಾಗೇ ಆಯ್ತು. ಎದುರು ಮನೆಯ ಚಿಕ್ಕಗಂಗಮ್ಮ ನೀವು ಮಾತಾಡಿದ್ದನ್ನ ನಮ್ಮ ಜಗುಲಿಯಿಂದ ಕೇಳಿಸಿಕೊಂಡಿದ್ದರಂತೆ. ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಯ್ತು. ನಾನು ನಾಲ್ಕು ದಿನ ನೀರಿಗೂ ಆಚೆ ಹೋಗಲಿಲ್ಲ. ನಿಮ್ಮ ಮೇಲೆ ಎಷ್ಟು ಸಿಟ್ಟಿತ್ತು ಅಂದರೆ ಈ ಕಾಗದ ಬರೆಯೋದೇ ಬೇಡ ಅಂದ್ಕೊಂಡಿದ್ದೆ.

ಆದರೆ ಐದನೇ ದಿನ ಅತ್ತೆ ಉಮೇಶನ ಹತ್ತಿರ, "ಆಸ್ಪತ್ರೆಗೆ ನಾನೂ ಬರ್ತೀನಿ, ಟಿಕೆಟ್ ತಗೋ" ಅಂದರು. ಯಾಕೆ ಅಂತ ಹೇಳಲಿಲ್ಲ.

ಬೆಂಗಳೂರಿನ ಆ ವಾರ್ಡಿನ ತುಂಬಾ ನಮ್ಮ ಪಾಪುವಿನ ಹಾಗೇ ತುಟಿ ಸೀಳಿದ ಮಕ್ಕಳು ಮೇಡಂ. ನಾನು ಅಷ್ಟು ಜನರನ್ನ ಒಟ್ಟಿಗೆ ನೋಡೇ ಇರಲಿಲ್ಲ. ಅಲ್ಲಿ ಯಾರೂ ಮುಖ ಮುಚ್ಚಿರಲಿಲ್ಲ. ಅತ್ತೆ ಸ್ವಲ್ಪ ಹೊತ್ತು ಬಾಗಿಲಲ್ಲೇ ನಿಂತಿದ್ದರು. ಆಮೇಲೆ ಒಂದೊಂದೇ ಮಂಚದ ಹತ್ತಿರ ಹೋಗಿ ಕೇಳೋಕೆ ಶುರು ಮಾಡಿದರು. "ಏಮ್ಮಾ, ಗ್ರಹಣದಾಗೆ ಆಚೆ ಹೋಗಿದ್ದಾ?"

ಮದನಪಲ್ಲಿಯವಳೊಬ್ಬಳು, ಒಳಗೇ ಇದ್ದೆ, ದರ್ಭೆ ಹಾಸಿಕೊಂಡು ಮಲಗಿದ್ದೆ ಅಂದಳು. ಮುಳಬಾಗಿಲಿನ ಸಾಬರ ಹೆಂಗಸು, ನಮ್ಮಲ್ಲಿ ಒಳಗೆ ಕೂರೋ ಪದ್ಧತಿ ಇಲ್ಲ, ನನ್ನ ದೊಡ್ಡ ಮಗನ ಬಸುರಲ್ಲೂ ಗ್ರಹಣದ ದಿನ ಆಚೆ ಓಡಾಡ್ತಿದ್ದೆ, ಅವನು ಚೆನ್ನಾಗವ್ನೆ ಅಂದಳು. ಇನ್ನೊಬ್ಬಳ ಹುಡುಗನಿಗೆ ಆಗಲೇ ನಾಲ್ಕು ವರ್ಷ, ಎರಡನೇ ಆಪರೇಷನ್‌ಗೆ ಬಂದಿದ್ದ. ಅವಳನ್ನ ಅವರಮ್ಮ ಬಸುರಿನ ಉದ್ದಕ್ಕೂ ಹೊಸಲು ದಾಟಿಸಿರಲಿಲ್ಲವಂತೆ. ಅತ್ತೆ ಯಾರನ್ನೂ ಬಿಡಲಿಲ್ಲ. ಪಕ್ಕದ ವಾರ್ಡಿಗೂ ಹೋಗಿ ಕೇಳಿದರು. ನರ್ಸಮ್ಮ ಬೈದು ಕಳಿಸಿದರು.

ವಾಪಸ್ ಬಂದು ನನ್ನ ಪಕ್ಕ ಕೂತು ಕಾಲು ಒತ್ತಿಕೊಳ್ತಾ, "ಒಳಗಿದ್ದೋರೇ ಜಾಸ್ತಿ" ಅಂದರು. ಅಷ್ಟೇ. ನನ್ನದು ತಪ್ಪಾಯ್ತು ಅಂತ ಅನ್ನಲಿಲ್ಲ, ನಾನೂ ಕಾಯಲಿಲ್ಲ.

ಆಪರೇಷನ್ ಚೆನ್ನಾಗಾಯ್ತು. ತೆಳ್ಳಗೆ ಒಂದು ಗೆರೆ ಇದೆ. ಊರಿಗೆ ಬಂದಾಗ ಬಸ್ ಸ್ಟ್ಯಾಂಡಿನಿಂದ ಮನೆವರೆಗೂ ಪಾಪುವನ್ನ ಅತ್ತೆಯೇ ಎತ್ತಿಕೊಂಡಿದ್ದರು, ಮುಖ ಆಚೆ ಮಾಡಿ. ಚಿಕ್ಕಗಂಗಮ್ಮ ಬಾಯಿ ತೆಗೆಯೋಕೆ ಮುಂಚೆನೇ, "ಆಸ್ಪತ್ರೆಗೆ ಹೋಗಿ ನೋಡ್ಕೊಂಡು ಬಾ, ಆಮೇಲೆ ಮಾತಾಡು" ಅಂದರು.

ಇಷ್ಟೆಲ್ಲ ಆಗಿದ್ದು ನೀವು ನಿಜ ಹೇಳಿದ್ದರಿಂದ ಅಂತ ಅಂದ್ಕೋಬೇಡಿ. ನನಗೆ ಇನ್ನೂ ಹಾಗೆ ಅನ್ನಿಸಿಲ್ಲ.

ಮುನಿಲಕ್ಷ್ಮಿ


ಕೋಲಾರ
6 ಡಿಸೆಂಬರ್ 2020

ಮುನಿಲಕ್ಷ್ಮಿ,

ಹಾಗೆ ಅಂದುಕೊಂಡಿಲ್ಲ. ಪಾಪು ಹಾಲು ಸಲೀಸಾಗಿ ಕುಡೀತಿದೆಯಾ?

ಬಳಗದ ಸಭೆಯಲ್ಲಿ ಎಲ್ಲವನ್ನೂ ಹೇಳಿದೆ. ಮೂರ್ತಿ ತಲೆ ಮೇಲೆತ್ತಲಿಲ್ಲ. ಕಾರ್ಯದರ್ಶಿಯಾಗಿ ಮುಂದುವರಿಯಿರಿ ಅಂದವರೂ ಇದ್ದರು, ಅದು ನನ್ನಿಂದಾಗಲ್ಲ ಅಂದೆ. ಈಗ ಟೆಲಿಸ್ಕೋಪ್ ಒರೆಸೋದು, ಬೆಂಚು ಎತ್ತಿಡೋದು ಮಾಡ್ತೀನಿ.

ಇಪ್ಪತ್ತೊಂದನೇ ತಾರೀಖು ಸಂಜೆ ಗುರು, ಶನಿ ಎರಡೂ ಒಂದಕ್ಕೊಂದು ಅಂಟಿದ ಹಾಗೆ ಕಾಣುತ್ತವೆ. ಬಳಗದವರು ರಾಯಲ್ಪಾಡಿನಲ್ಲಿ ತೋರಿಸಬೇಕು ಅಂತಿದ್ದಾರೆ. ಮಾತಾಡೋಕೆ ನಿನ್ನನ್ನು ಕರೆಯೋಣ ಅಂದರು ಮೂರ್ತಿ. ನಾನು ಅವರಿಗೆ ಹೂಂ ಅಂತಲೂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ನಿನ್ನನ್ನು ಮೈಕಿನ ಮುಂದೆ ಕರೆಯುವ ಹಕ್ಕು ನನಗಿಲ್ಲ. ನಿನಗೆ ಇಷ್ಟವಿದ್ದರೆ ಮಾತ್ರ.

ರಮಾದೇವಿ


ರಾಯಲ್ಪಾಡು
24 ಡಿಸೆಂಬರ್ 2020

ಮೇಡಂ,

ನೀವು ಬಂದಿದ್ದನ್ನ ನೋಡಿದೆ. ಕಾರಿನ ಹಿಂದೆ ಮಾಸ್ಕ್ ಹಾಕಿಕೊಂಡು ನಿಂತಿದ್ದಿರಿ. ಪಕ್ಕದಲ್ಲಿ ಮಗು ಎತ್ತಿಕೊಂಡಿದ್ದವರು ಶ್ರುತಿ ಅಕ್ಕ ಅಂತ ಆಮೇಲೆ ಗೊತ್ತಾಯ್ತು. ಅವರೇ ಬಂದು ನನ್ನ ಕೈ ಹಿಡಿದುಕೊಂಡರು. ನೀವು ಬರಲಿಲ್ಲ. ನಾನೂ ಬರಲಿಲ್ಲ.

ಮೂರ್ತಿ ಸರ್ ಮೈಕ್ ಕೊಟ್ಟಾಗ ನಾನು ನಕ್ಷತ್ರದ ವಿಷಯ ಏನೂ ಹೇಳಲಿಲ್ಲ, ನನಗೆ ಬರಲ್ಲ. ನಡೆದಿದ್ದನ್ನ ಹೇಳಿದೆ. ತುಟಿ ಯಾವಾಗ ಆಗುತ್ತೆ ಅನ್ನೋದನ್ನ ಹೇಳಿದೆ. ವಾರ್ಡಿನ ವಿಷಯ ಹೇಳಿದೆ. ಶ್ರುತಿ ಅಕ್ಕನ ವಿಷಯ ಎತ್ತಲಿಲ್ಲ. ನೀವು ಕೇಳಿಸಿಕೊಂಡಿರ್ತೀರಿ.

ಹೆಂಗಸರ ಮಧ್ಯದಿಂದ ಒಬ್ಬಳು ಕೇಳಿದಳು. ಹೊಸದಾಗಿ ಮದುವೆಯಾಗಿ ಬಂದ ಹುಡುಗಿ, ಹೊಟ್ಟೆ ಇನ್ನೂ ಕಾಣ್ತಿಲ್ಲ. ಮೈಕಿಲ್ಲದೆ ಕೇಳಿದಳು, ಕಾರಿನ ಹತ್ತಿರಕ್ಕೆ ಕೇಳಿಸಿರಲ್ಲ. "ಅವತ್ತು ತಟ್ಟೆ ಹಿಡ್ಕೊಂಡಾಗ ನಿಂಗೆ ಭಯ ಆಗ್ಲಿಲ್ವಾ ಅಕ್ಕ?"

ಆಯ್ತು ಅಂದೆ. ಮೇಡಂ, ಇದನ್ನ ನಾನು ಯಾರಿಗೂ ಹೇಳಿರಲಿಲ್ಲ, ನಿಮಗೂ ಬರೆದಿರಲಿಲ್ಲ. ಬಾಯಲ್ಲಿಟ್ಟ ಮೊದಲ ತುತ್ತು ಗಂಟಲಲ್ಲಿ ಇಳೀಲಿಲ್ಲ. ಅಷ್ಟು ಓದಿದವರು ನೀವು ಚೂರೂ ಭಯ ಇಲ್ಲದೆ ನಿಂತಿದ್ದೀರಲ್ಲ, ನನಗೊಬ್ಬಳಿಗೇ ಹಿಂಗಾಗ್ತಿದೆಯಲ್ಲ ಅಂತ ನಾಚಿಕೆಯಾಗಿ ನುಂಗಿದೆ.

ನನಗೂ ಭಯ ಆಗ್ತಿದೆ ಅಂತ ನೀವು ಅವತ್ತು ಮೈಕಿನಲ್ಲಿ ಒಂದು ಮಾತು ಅಂದಿದ್ದರೆ ಸಾಕಿತ್ತು. ಆಗಲೂ ನಾನು ಎದ್ದು ಬರ್ತಿದ್ದೆ.

ಮುನಿಲಕ್ಷ್ಮಿ